ದಣಿಯದ ಗಂಡು

ಮಹಾನಂದಾ ಬಡಿಗೇರಳನ್ನು ಹಕ್ಕಿ ಸಂರಕ್ಷಣಾ ಕೇಂದ್ರದ ಸಹೋದ್ಯೋಗಿಗಳು ‘ಹೊನ್ನವ್ವನ ಗಂಡ’ ಎಂದು ಕಾಡಿಸುತ್ತಿದ್ದರು. ಅವಳು ಮುನಿಸಿಕೊಳ್ಳುತ್ತಿರಲಿಲ್ಲ. ಮಾಡುತ್ತಿದ್ದ ಕೆಲಸವೇ ಅಂಥದ್ದು. ಬೆಳಕು ಹರಿಯುತ್ತಲೇ ಕಂಟ್ರೋಲ್ ರೂಮಿನ ಕುರ್ಚಿಯಲ್ಲಿ ಕೂತು, ಎರಡು ಹಿಡಿಕೆಗಳನ್ನು ಹಿಡಿದು, ಒಂದು ಯಂತ್ರದ ಹಕ್ಕಿಯನ್ನು ಗುಡ್ಡದಾಚೆ ಹಾರಿಸಿಕೊಂಡು ಹೋಗಿ, ಮರದ ಪೊಟರೆಯೊಳಗೆ ಕೂತ ಹೆಣ್ಣು ಮಂಗಟ್ಟೆಗೆ ಅತ್ತಿಹಣ್ಣು ತಿನ್ನಿಸಿ ಬರಬೇಕು. ದಿನಕ್ಕೆ ಹತ್ತಾರು ಸಲ. ಮದುವೆಯ ಗೊಡವೆಗೇ ಹೋಗದ ತನಗೆ ಕೊನೆಗೂ ಸಂಸಾರ ಗಂಟುಬಿತ್ತು ನೋಡು ಎಂದು ಅವಳೇ ನಗುತ್ತಿದ್ದಳು.

ಮಂಗಟ್ಟೆಯ ಸಂಸಾರ ನೋಡದವರಿಗೆ ಎರಡು ಮಾತು ಹೇಳಲೇಬೇಕು. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಎತ್ತರದ ಮರದ ಪೊಟರೆ ಹೊಕ್ಕು, ಹಿಕ್ಕೆ, ಹಣ್ಣಿನ ತಿರುಳು, ಮಣ್ಣು ಕಲಸಿ ಬಾಗಿಲಿಗೆ ಗೋಡೆ ಕಟ್ಟಿಕೊಂಡುಬಿಡುತ್ತದೆ. ಕೊಕ್ಕು ತೂರುವಷ್ಟು ಒಂದು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಕೂತ ಮೇಲೆ ರೆಕ್ಕೆಯ ಗರಿಗಳನ್ನೂ ಉದುರಿಸಿಕೊಳ್ಳುತ್ತದೆ. ಅಲ್ಲಿಂದ ತಿಂಗಳುಗಟ್ಟಲೆ ಅದರ ಜೀವ ಗಂಡಿನ ಕೊಕ್ಕಿನಲ್ಲಿ. ಗಂಡು ತಂದರೆ ಊಟ, ತರದಿದ್ದರೆ ಉಪವಾಸ. ಇಷ್ಟೊಂದು ನಂಬಿಕೆಯನ್ನು ಯಾರ ಮೇಲೂ ಇಡಬಾರದು ಎಂದು ಮನುಷ್ಯರಿಗೆ ಅನ್ನಿಸಬಹುದು. ಆದರೆ ಕಾಳಿ ಕಣಿವೆಯ ಗುಡ್ಡಗಳಲ್ಲಿ ಲಕ್ಷಾಂತರ ವರ್ಷ ಈ ನಂಬಿಕೆ ಸುಳ್ಳಾಗಿರಲಿಲ್ಲ.

ಆಮೇಲೆ ಆ ಬೇಸಿಗೆಗಳು ಬಂದವು. ಘಟ್ಟದ ಮೇಲೆ ಬಯಲುಸೀಮೆಗಿಂತ ಹೆಚ್ಚು ಕಾವು ಏರತೊಡಗಿತು. ಅತ್ತಿ, ಬಸರಿ, ಆಲ ಹೊತ್ತಲ್ಲದ ಹೊತ್ತಿನಲ್ಲಿ ಹಣ್ಣು ಬಿಟ್ಟವು, ಇಲ್ಲವೇ ಬಿಡಲೇ ಇಲ್ಲ. ಗಂಡುಗಳು ಹಣ್ಣು ಹುಡುಕಿಕೊಂಡು ನಡುಮಧ್ಯಾಹ್ನದ ಉರಿಯಲ್ಲಿ ಗುಡ್ಡದಿಂದ ಗುಡ್ಡಕ್ಕೆ ಹಾರಿ ಹಾರಿ, ಒಂದೊಂದಾಗಿ ಆಕಾಶದಿಂದ ಕಳಚಿ ಬಿದ್ದವು. ಹೆಣ್ಣುಗಳು ಪೊಟರೆಯ ತಂಪಿನಲ್ಲಿ ಬದುಕಿದ್ದವು. ಬದುಕಿದ್ದು ಕಾದವು. ಕಾವಲುಗಾರರು ಹತ್ತಿ ನೋಡಿದ ಕಡೆಯಲ್ಲೆಲ್ಲ ಗೋಡೆ ಗಟ್ಟಿಯಾಗಿತ್ತು, ಒಳಗಿನ ಹಕ್ಕಿ ಒಣಗಿತ್ತು. ಇನ್ನೂ ಗೂಡು ಹೊಗದ ಐದಾರು ಹೆಣ್ಣುಗಳು ಮಾತ್ರ ಸಿಕ್ಕಿದವು. ಅವನ್ನು ಕೇಂದ್ರದ ದೊಡ್ಡ ಬಲೆಪಂಜರಕ್ಕೆ ತಂದು ಸಾಕಿದರು. ಗಂಡು ಒಂದೂ ಸಿಗಲಿಲ್ಲ.

ಇಡೀ ಘಟ್ಟಸಾಲಿನಲ್ಲಿ ಕಾಡಿನಲ್ಲೇ ಉಳಿದದ್ದು ಒಂದೇ ಜೋಡಿ. ಆ ವರ್ಷ ಹೆಣ್ಣು ಒಂದು ಹಳೆಯ ತಾರೆಮರದ ಪೊಟರೆಯಲ್ಲಿ ಗೋಡೆ ಕಟ್ಟಿಕೊಂಡಿತು. ಹೋಳಿಹುಣ್ಣಿಮೆಯ ಆಸುಪಾಸಿನಲ್ಲಿ ಗಂಡು ಅದೇ ಮರದ ಬುಡದಲ್ಲಿ ಸತ್ತುಬಿತ್ತು. ಅದರ ಗಂಟಲಿನಲ್ಲಿ ಹೆಂಡತಿಗೆಂದು ತಂದ ಹಣ್ಣುಗಳು ಹಾಗೇ ಇದ್ದವು. ಅವನ್ನು ನೋಡಿ ಕೇಂದ್ರದ ಮುಖ್ಯಸ್ಥ ಡಾಕ್ಟರ್ ಅಜಿತ ಕಡಕೋಳರು ಎದ್ದುಹೋಗಿ, ವರ್ಷಗಟ್ಟಲೆ ಕಟ್ಟುತ್ತಿದ್ದ ಯಂತ್ರವನ್ನು ಕೊಟ್ಟಿಗೆಯಿಂದ ಹೊರಗೆ ಎಳೆಸಿದರು.

ಯಂತ್ರ ಹಾರುವುದೇನೋ ಸೊಗಸಾಗಿ ಹಾರುತ್ತಿತ್ತು. ಮಂಗಟ್ಟೆ ಹಾರುವಾಗ ಹಳೆಯ ಉಗಿಬಂಡಿ ಏರು ಹತ್ತಿದಂತೆ ಸದ್ದಾಗುತ್ತದೆ, ಆ ಸದ್ದೂ ಅದಕ್ಕಿತ್ತು. ಗಂಟಲಿನ ಚೀಲದಲ್ಲಿ ಹಣ್ಣು ತುಂಬಿಕೊಂಡು ಒಂದೊಂದನ್ನೇ ಕೊಕ್ಕಿನ ತುದಿಗೆ ತರುತ್ತಿತ್ತು. ಆದರೆ ಅದರ ಪ್ಲಾಸ್ಟಿಕ್ ಕೊಕ್ಕನ್ನು ಕಂಡರೆ ಹೆಣ್ಣು ಒಳಗೆ ಸರಿದುಕೊಳ್ಳುತ್ತಿತ್ತು. ಹಳಿಯಾಳದ ಬಡಿಗರ ಮನೆಯ ಮಹಾನಂದಾ ಆಗ ಕೇಂದ್ರದಲ್ಲಿ ಯಂತ್ರಗಳ ರಿಪೇರಿಗಿದ್ದಳು. ಕಡಕೋಳರು ಹೇಳಿದ ಅಳತೆಗೆ ಅವಳು ಶಿವನೆ ಮರದಲ್ಲಿ ಕೊಕ್ಕು ಕೆತ್ತಿದಳು. ಅವರು ಬಣ್ಣ ಕಲಸಿದರು. ಮೂರನೆಯ ಕೊಕ್ಕನ್ನು ಹಕ್ಕಿ ಒಪ್ಪಿತು. ಹಣ್ಣನ್ನು ನೇರವಾಗಿ ತುರುಕಿದರೆ ಹೆಣ್ಣು ತೆಗೆದುಕೊಳ್ಳುವುದಿಲ್ಲ, ಸೀಳಿನ ಹತ್ತಿರ ಹಿಡಿದು, ಚೂರು ಹಿಂದೆಳೆದು, ಅದು ಕೊಕ್ಕು ಚಾಚಿದಾಗ ಬಿಡಬೇಕು. ಈ ಕೊಟ್ಟು ತೆಗೆದುಕೊಳ್ಳುವ ಆಟ ಕಂಪ್ಯೂಟರಿಗೆ ಹತ್ತಲಿಲ್ಲ, ಮಹಾನಂದಾಳ ಕೈಗೆ ಹತ್ತಿತು. ಹಾಗೆ ಅವಳು ಗಂಡನಾದಳು.

ಹೆಣ್ಣು ಗೋಡೆ ಕಟ್ಟುವ ಮೊದಲೇ ಇಟ್ಟ ಕ್ಯಾಮೆರಾಗಳು ಪೊಟರೆಯೊಳಗೊಂದು, ಹೊರಗೊಂದು ಇದ್ದವು. ಎರಡರ ಚಿತ್ರವೂ ಹಗಲೆಲ್ಲ ಜನರ ಮೊಬೈಲಿಗೆ ಹೋಗುತ್ತಿತ್ತು. ಕೇಂದ್ರ ನಡೆಯುತ್ತಿದ್ದದ್ದೇ ಜನ ನೋಡುತ್ತಾರೆಂಬ ಬಲದ ಮೇಲೆ. ಹಕ್ಕಿಗೆ ‘ಹೊನ್ನವ್ವ’ ಎಂದು ಹೆಸರಿಟ್ಟವರು ಗದಗಿನ ಕಡೆಯ ಯಾವುದೋ ಮಹಿಳಾ ಮಂಡಳದವರು. ಗಂಡ ಸತ್ತ ಬಸುರಿ, ತವರೂ ಇಲ್ಲ, ನಾವೇ ತವರಾಗೋಣ ಎಂದು ಅವರು ಮೊಬೈಲಿನ ಮುಂದೆ ಹಸಿರು ಸೀರೆ, ಹಸಿರು ಬಳೆ ಇಟ್ಟು ಸೀಮಂತದ ಕುಬಸ ಮಾಡಿದರು. ಆರತಿ ಎತ್ತಿ ಹಾಡಿದರು. ಬೀದರದಿಂದ ಹಾವೇರಿಯವರೆಗೆ ಅದು ಹಬ್ಬಿತು. ಊರೂರಿನಿಂದ ಅತ್ತಿಹಣ್ಣಿನ ಬುಟ್ಟಿಗಳು ಬಯಕೆಯ ಬುತ್ತಿಯೆಂದು ಬಸ್ಸಿನಲ್ಲಿ ಬಂದವು. ತಮ್ಮ ಊರಿನ ಕೆರೆದಂಡೆಯ ಅತ್ತಿಯನ್ನು ಹತ್ತಿ ಕಿತ್ತು ಕಳಿಸಿದವರಿದ್ದರು. ಬರೀ ಹಣ್ಣಲ್ಲ, ಹೋಳಿಗೆ, ಕರಜಿಕಾಯಿ, ಅಂಟಿನುಂಡೆಗಳೂ ಬಂದವು. ಅವನ್ನು ಕೇಂದ್ರದವರು ತಿಂದು ದಪ್ಪಗಾದರು. ಕಡಕೋಳರಿಗೆ ಇದೆಲ್ಲ ಸ್ವಲ್ಪ ಮುಜುಗರ. ಆದರೂ ಹಣ್ಣು ಬೇಕಿತ್ತು, ಸುಮ್ಮನಿದ್ದರು.

ಯುಗಾದಿಯ ಹೊತ್ತಿಗೆ ಮೊಟ್ಟೆಯೊಡೆದು ಮರಿ ಬಂತು. ಅದೇ ವಾರ ದಾಂಡೇಲಿಯ ಎರಡು ಕೋಣೆಯ ಮನೆಯಲ್ಲಿ ಮಹಾನಂದಾಳ ತಂಗಿ ಸುಮಂಗಲಾ ಹೆಣ್ಣುಮಗು ಹೆತ್ತಳು. ತಾಯಿ ಸತ್ತ ಮೇಲೆ ತಂಗಿಯನ್ನು ಬೆಳೆಸಿದವಳು ಮಹಾನಂದಾಳೇ. ಈಗ ತವರು ಎಂದರೂ ಅವಳೇ. ಸುಮಂಗಲಾಳ ಗಂಡ ಲಾರಿಯ ಮೇಲೆ ಊರೂರು ಸುತ್ತುವವನು. ಹೀಗಾಗಿ ಮಹಾನಂದಾಳ ಪಾಲಿಗೆ ಎರಡು ಬಾಣಂತನ. ಬೆಳಿಗ್ಗೆ ಎದ್ದು ತಂಗಿಗೆ ಬಿಸಿ ರೊಟ್ಟಿ, ಸಬ್ಬಸಿಗೆ ಪಲ್ಯ ಮಾಡಿಟ್ಟು, ಎದುರು ಮನೆಯ ಹುಸೇನಬಿಗೆ ಕೂಸಿಗೆ ನೀರೆರೆಯಲು ಹೇಳಿ, ಗುಡ್ಡದ ಜೀಪು ಹತ್ತುತ್ತಿದ್ದಳು. ಸುಮಂಗಲಾ ಹಾಸಿಗೆಯಲ್ಲಿ ಕೂಸನ್ನು ಮಗ್ಗುಲಿಗೆ ಹಾಕಿಕೊಂಡು ಮೊಬೈಲಿನಲ್ಲಿ ಹೊನ್ನವ್ವನನ್ನು ನೋಡುತ್ತಿದ್ದಳು. ಕಿವಿಗೆ ಹತ್ತಿ ಇಟ್ಟುಕೊಂಡು ಕತ್ತಲೆ ಕೋಣೆಯಲ್ಲಿ ಕೂತ ಬಾಣಂತಿಗೆ ಪೊಟರೆಯ ಬಾಣಂತಿಗಿಂತ ಹತ್ತಿರದ ಗೆಳತಿ ಯಾರು ಸಿಕ್ಕಾರು. ಸಂಜೆ ಅಕ್ಕ ಬಂದರೆ, ಇಂದು ಅಕಿಗೆ ಮಧ್ಯಾಹ್ನ ಯಾಕೆ ತಡ ಮಾಡಿದಿ, ನಡುವೆ ಹಲ್ಲಿ ಕೊಟ್ಟೆಯಲ್ಲ ಅದು ಅಕಿಗೆ ಸೇರಲಿಲ್ಲ, ಎಂದೆಲ್ಲ ಲೆಕ್ಕ ಕೇಳುತ್ತಿದ್ದಳು.

ಮರಿಯ ಹಿಕ್ಕೆಯನ್ನು ಪರೀಕ್ಷಿಸಿ ಅದು ಗಂಡು ಎಂದು ಗೊತ್ತಾದ ದಿನ ಕಡಕೋಳರು ಎಲ್ಲರಿಗೂ ಚಹಾ ಮಾಡಿಕೊಟ್ಟರು. ಅವರು ಅಷ್ಟು ಸಂತೋಷಪಟ್ಟದ್ದನ್ನು ಮಹಾನಂದಾ ನೋಡಿರಲಿಲ್ಲ. ಪಂಜರದಲ್ಲಿ ಐದಾರು ಹೆಣ್ಣುಗಳಿದ್ದವು, ಗಂಡು ಇರಲಿಲ್ಲ. ಈ ಒಂದು ಮರಿ ಬೆಳೆದು ಕಾಡು ಕಲಿತರೆ ಘಟ್ಟದಲ್ಲಿ ಮಂಗಟ್ಟೆ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ಅಷ್ಟು ಸರಳ.

ಚಹಾ ಮುಗಿದ ಮೇಲೆ ಅವರು ಮಹಾನಂದಾಳನ್ನು ಕೂರಿಸಿಕೊಂಡು ಮುಂದಿನ ಕೆಲಸ ಹೇಳಿದರು. ಮರಿ ಅರ್ಧ ಬೆಳೆದಾಗ ತಾಯಿ ಗೋಡೆ ಒಡೆದು ಹೊರಗೆ ಬರಬೇಕು. ಹೊರಗೆ ಬಂದು ತಾನೂ ಹಣ್ಣು ತರಬೇಕು, ಮರಿ ಹೊರಬಿದ್ದ ಮೇಲೆ ಯಾವ ಮರ ಯಾವಾಗ ಹಣ್ಣಾಗುತ್ತದೆ, ಗಿಡುಗ ಬಂದರೆ ಎಲ್ಲಿ ಅಡಗಬೇಕು ಎಂದು ಕಲಿಸಬೇಕು. ಯಂತ್ರ ಇದನ್ನು ಕಲಿಸಲಾರದು. ಅದಕ್ಕಿಂತ ಹೆಚ್ಚಾಗಿ, ಮಿರಗ ಮಳೆಯ ಗಾಳಿಯಲ್ಲಿ ಯಂತ್ರ ಹಾರಲಾರದು. ಮಳೆಗಾಲಕ್ಕೆ ಮೊದಲು ಹೊನ್ನವ್ವ ಹೊರಗಿರಬೇಕು. ಹಾಗೆಂದು ನಾವೇ ಗೋಡೆ ಒಡೆಯುವಂತಿಲ್ಲ. ಹಿಂದೆ ಇನ್ನೊಂದು ಮರದಲ್ಲಿ ಒಡೆದು ನೋಡಿದ್ದರು. ಹಕ್ಕಿ ಹೆದರಿ ಪೊಟರೆಯ ಮೇಲುಗಡೆಗೆ ಹತ್ತಿ ಸಿಕ್ಕಿಹಾಕಿಕೊಂಡು ಸತ್ತಿತ್ತು, ಕೆಳಗಿನ ಮೊಟ್ಟೆಯೂ ಒಡೆದುಹೋಗಿತ್ತು.

ಹಾಗಾದರೆ ಹಕ್ಕಿಗೆ ಹೊರಗೆ ಬಾ ಎಂದು ಹೇಳುವವರು ಯಾರು ಎಂದು ಮಹಾನಂದಾ ಕೇಳಿದಳು.

“ಹಸಿವಿ ಹೇಳ್ತೈತಿ,” ಅಂದರು ಕಡಕೋಳ. “ಖರೇ ಗಂಡು ಆ ಹೊತ್ತಿಗೆ ದಣಿದಿರ್ತೈತಿ. ಎರಡು ಹೊಟ್ಟಿಗೆ ತರಾಕ ಅದರ ಕೈಲೆ ಆಗಂಗಿಲ್ಲ. ತರೂದು ಕಡಿಮಿ ಆತು ಅಂದ್ರ ಹೆಣ್ಣಿಗೆ ಗೊತ್ತಾಗ್ತೈತಿ, ಇನ್ನ ನಾನೂ ದುಡೀಬೇಕು ಅಂತ. ನಮ್ಮ ಗಂಡು ದಣಿಯಂಗಿಲ್ಲಲ್ಲ ಮಹಾನಂದಾ. ಅದೇ ತ್ರಾಸು.”

ಯಂತ್ರಕ್ಕೆ ದಣಿವು ಕಲಿಸಬೇಕಿತ್ತು. ಕಡಕೋಳರು ಅದಕ್ಕೊಂದು ಕ್ರಮ ಬರೆದಿದ್ದರು. ಹಾರಾಟ ನಿಧಾನ ಮಾಡುವುದು, ಬಿಸಿಲಿಗೆ ಕೊಂಬೆಯ ಮೇಲೆ ಕೊಕ್ಕು ತೆರೆದು ತೇಕುತ್ತ ಕೂರುವುದು, ಗಂಟಲಿನಲ್ಲಿ ದಿನದಿನಕ್ಕೆ ಕಡಿಮೆ ಹಣ್ಣು ತರುವುದು, ಕೊನೆಗೆ ಒಂದೆರಡು ದಿನ ಬಾರದೇ ಇರುವುದು. ಹೊನ್ನವ್ವ ಗೋಡೆಯನ್ನು ಕುಟ್ಟಲು ತೊಡಗಿದಳೆಂದರೆ ಗೆದ್ದಂತೆ. ಆಗ ಏನೇ ಆದರೂ ಒಂದು ಹಣ್ಣನ್ನೂ ಕೊಡಕೂಡದು ಎಂದು ಮತ್ತೆ ಮತ್ತೆ ಹೇಳಿದರು. ಮಹಾನಂದಾ ತಲೆಯಾಡಿಸಿದಳು. ಅರ್ಥವಾಗದ ಮಾತೇನೂ ಅದರಲ್ಲಿ ಇರಲಿಲ್ಲ.

ಬಸವಜಯಂತಿ ಕಳೆದ ಮೇಲೆ ಶುರುವಾಯಿತು. ಮೊದಮೊದಲು ಯಾರಿಗೂ ತಿಳಿಯಲಿಲ್ಲ. ಯಂತ್ರ ಕೊಂಬೆಯ ಮೇಲೆ ಕೂತು ತೇಕುವುದನ್ನು ನೋಡಿ ಜನ ‘ಪಾಪ, ಗಂಡಗೂ ಬಿಸಲು’ ಎಂದು ಬರೆದರು. ಆಮೇಲೆ ಹಣ್ಣು ಕಡಿಮೆಯಾಯಿತು. ಹೊನ್ನವ್ವ ಸಿಕ್ಕದ್ದನ್ನು ಮರಿಯ ಬಾಯಿಗೆ ಹಾಕಿ, ತನ್ನ ಕೊಕ್ಕನ್ನು ಸೀಳಿನಿಂದ ಹೊರಗಿಟ್ಟು ಕೂಗತೊಡಗಿದಳು. ಆ ಕೂಗು ಎಂಥದ್ದೆಂದು ಕೇಳಿದವರಿಗೇ ಗೊತ್ತು. ನಾಯಿ ಕೆಮ್ಮಿದಂತೆ ಒರಟಾಗಿ, ಬಿಟ್ಟು ಬಿಟ್ಟು, ಬೆಳಗಿನಿಂದ ಬೈಗಿನತನಕ. ಹೊಲದಲ್ಲಿ, ಬಸ್ಸಿನಲ್ಲಿ, ಅಡಿಗೆಮನೆಯಲ್ಲಿ ಎಲ್ಲರ ಮೊಬೈಲಿನಿಂದಲೂ ಅದೇ ಕೂಗು.

ಕುಬಸ ಮಾಡಿದ ಜನ ಸುಮ್ಮನಿರುತ್ತಾರೆಯೇ. ಕಡಕೋಳರು ಪರದೆಯ ಮೇಲೆ ಬಂದು ಹಸಿವಿನ ಕಾರಣ ಬಿಡಿಸಿ ಹೇಳಿದರು. ಅವರು ಹೇಳಿದ್ದು ಸರಿಯೇ ಇತ್ತು, ಆದರೆ ಬಾಣಂತಿಯನ್ನು ಉಪವಾಸ ಕೆಡವಿ ಅದಕ್ಕೆ ಕಾರಣ ಹೇಳುವವನ ಮಾತನ್ನು ನಮ್ಮ ಜನ ಹಿಂದೆಂದೂ ಕೇಳಿದ್ದಿಲ್ಲ. ಮನೆಯಲ್ಲಿ ಕಾಳಿಲ್ಲದಿದ್ದರೆ ಸಾಲ ತಂದಾದರೂ ಬಾಣಂತಿಗೆ ಉಣಿಸುವ ಜನ. ಹೆಂಗಸರು ಬುತ್ತಿಗಂಟು ಹೊತ್ತು ಕೇಂದ್ರದ ಗೇಟಿನ ಮುಂದೆ ಬಂದು ಕೂತರು. ಕಡಕೋಳರಿಗೆ ಬೈಗುಳದ ಮಳೆಯಾಯಿತು.

ಮನೆಯಲ್ಲಿ ಸುಮಂಗಲಾ ರೊಟ್ಟಿಯ ತಾಟನ್ನು ದೂಡಿದಳು.

ಮೊದಲನೆಯ ದಿನ ಮಹಾನಂದಾ ಅದನ್ನು ಹಟವೆಂದುಕೊಂಡಳು. ತಂಗಿಗೆ ಚಿಕ್ಕಂದಿನಿಂದಲೂ ಹಟವಿತ್ತು. ಕಡಕೋಳರು ಹೇಳಿದ್ದನ್ನೆಲ್ಲ ಅವಳಿಗೆ ಬಿಡಿಸಿ ಹೇಳಿದಳು, ಗದರಿದಳು, ತುತ್ತು ಮಾಡಿ ಬಾಯಿಗೆ ಹಿಡಿದಳು. ಸುಮಂಗಲಾ ಎರಡು ತುತ್ತು ತಿಂದಂತೆ ಮಾಡಿ ಗೋಡೆಗೆ ಮುಖ ಹಾಕಿದಳು. ಆದರೆ ಅದು ಹಟವಾಗಿರಲಿಲ್ಲ. ಅನ್ನ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಎದೆಹಾಲು ಕಡಿಮೆಯಾಯಿತು. ಕೂಸು ಬರಿದಾದ ಮೊಲೆಯನ್ನು ಚೀಪಿ ಚೀಪಿ ಚಿಟ್ಟನೆ ಚೀರುತ್ತಿತ್ತು. ಡಬ್ಬಿಯ ಹಾಲು ಕೊಟ್ಟರೆ ಉಗುಳಿತು. ಹುಸೇನಬಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಓಣಿಯಲ್ಲಿ ಅಡ್ಡಾಡಿಸುವಳು. ಒಳಗೆ ಮೊಬೈಲಿನಲ್ಲಿ ಹೊನ್ನವ್ವನ ಕೂಗು, ಹೊರಗೆ ಕೂಸಿನ ಕೂಗು. ಎರಡರ ನಡುವೆ ಮಹಾನಂದಾ ಒಳಗೂ ಹೊರಗೂ ಎಡತಾಕಿದಳು. ಮೊಬೈಲನ್ನು ಕಸಿದು ಅಟ್ಟದ ಮೇಲಿಟ್ಟರೆ ಸುಮಂಗಲಾ ಬಾಯಿಬಿಟ್ಟು ಅತ್ತಳು.

“ಅಕ್ಕಾ, ಬಾಣಂತಿನ್ನ ಹಸ್ತು ಕೆಡವಿ ಯಾವ ವಂಶ ಬೆಳಸ್ತೀರಿ ನೀವು? ನಾಳೆ ನನಗೂ ಹಿಂಗ ಮಾಡ್ತಿಯೇನು?”

ಆ ಮಾತು ಮಹಾನಂದಾಳ ಎದೆಗೆ ನಾಟಿತು. ತಾನು ಸಾಕಿದ ತಂಗಿ ಹಾಗೆ ಕೇಳಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಅಷ್ಟರಲ್ಲಿ ಗಲಾಟೆ ಬೆಂಗಳೂರು ಮುಟ್ಟಿತ್ತು. ಕೇಂದ್ರದ ಮೇಲ್ವಿಚಾರಣೆಯ ಸರಕಾರಿ ಸಮಿತಿಯ ಮುಂದೆ ಉತ್ತರ ಹೇಳಲು ಬರಬೇಕೆಂದು ಕಡಕೋಳರಿಗೆ ಕರೆ ಬಂತು. ಹೋಗುವ ಮುನ್ನ ಅವರು ಮಹಾನಂದಾಳ ಕುರ್ಚಿಯ ಹತ್ತಿರ ಬಂದು ನಿಂತರು. ಅವರ ಮುಖವೂ ಇಳಿದಿತ್ತು. ಇನ್ನು ಸ್ವಲ್ಪವೇ ಉಳಿದಿದೆ, ತಾಯಿಯ ರೆಕ್ಕೆ ಪೂರ್ತಿ ಬಂದಿದೆ, ತೂಕ ಇಳಿದಿದ್ದರೂ ಜೀವಕ್ಕೆ ಅಪಾಯವಿಲ್ಲ, ತಾಳಿಕೋ ಎಂದರು. ಅವಳು ಹೂಂ ಎಂದಳು. ಜೀಪು ಇಳಿಜಾರಿನಲ್ಲಿ ಮರೆಯಾಯಿತು.

ಮರುದಿನ ಬೆಳಿಗ್ಗೆ ಹೊನ್ನವ್ವನ ಕೂಗು ನಿಂತಿತು. ಮಹಾನಂದಾ ಗಾಬರಿಯಿಂದ ಒಳಗಿನ ಕ್ಯಾಮೆರಾದ ಪರದೆಗೆ ಬಾಗಿದಳು. ಹಕ್ಕಿ ಗೋಡೆಯ ಎದುರು ಕೂತು, ತಲೆಯನ್ನು ಹಿಂದಕ್ಕೆಳೆದು, ದಢ್ ದಢ್ ಎಂದು ಬಡಿದುಕೊಳ್ಳುತ್ತಿತ್ತು. ಕೊಕ್ಕಿನ ತುದಿಯಿಂದ ಕುಟ್ಟಿ ಒಡೆಯುತ್ತಾಳೆ ಎಂದಿದ್ದರು ಕಡಕೋಳರು. ಇದು ಹಾಗಿರಲಿಲ್ಲ. ಕೊಕ್ಕಿನ ಮೇಲಿನ ಕಿರೀಟವನ್ನೇ ಗೋಡೆಗೆ ಅಪ್ಪಳಿಸುತ್ತಿತ್ತು. ಒಮ್ಮೆ ಅಪ್ಪಳಿಸುವುದು, ಸುಧಾರಿಸಿಕೊಳ್ಳುವುದು, ಮತ್ತೆ ಅಪ್ಪಳಿಸುವುದು. ಕಿರೀಟದ ಅಂಚಿನಲ್ಲಿ ರಕ್ತ ಕಾಣಿಸಿತು. ಮರಿ ಮೂಲೆಯಲ್ಲಿ ಮುದುಡಿ ಕೂತಿತ್ತು.

ಸಾವಿನ ಮನೆಯಲ್ಲಿ ಹೆಂಗಸರು ಗೋಡೆಗೆ ತಲೆ ಚಚ್ಚಿಕೊಳ್ಳುವುದನ್ನು ನೋಡಿ ಬೆಳೆದವಳು ಮಹಾನಂದಾ. ಅವ್ವ ಸತ್ತ ದಿನ ತಾನೇ ಚಚ್ಚಿಕೊಂಡಿದ್ದಳು. ಅವಳು ನೋಡಿದ್ದು ಅದನ್ನೇ. ನೋಡುತ್ತಿದ್ದ ರಾಜ್ಯವೆಲ್ಲ ನೋಡಿದ್ದೂ ಅದನ್ನೇ. ಗೇಟಿನ ಹೊರಗೆ ಕೂತ ಹೆಂಗಸರು ಹೋ ಎಂದು ಎದ್ದದ್ದು ಕಂಟ್ರೋಲ್ ರೂಮಿಗೆ ಕೇಳಿಸಿತು. ಸುಮಂಗಲಾ ಫೋನು ಮಾಡಿದಳು, ಮಾತು ಬರಲಿಲ್ಲ, ಬಿಕ್ಕಳಿಕೆ ಮಾತ್ರ, ಅದರ ಹಿಂದೆ ಕೂಸಿನ ಅಳು. ಮಹಾನಂದಾ ಕಡಕೋಳರಿಗೆ ಫೋನು ಹಚ್ಚಿದಳು. ಸಮಿತಿಯ ಕೋಣೆಯೊಳಗೆ ಹೋಗುವಾಗ ಫೋನು ತೆಗೆದಿರಿಸಿಕೊಳ್ಳುತ್ತಾರೆ, ಅದು ಹೊಡೆದುಕೊಂಡು ನಿಂತಿತು. ಕುಟ್ಟತೊಡಗಿದರೆ ಕೊಡಬೇಡ ಎಂದ ಮಾತು ಅವಳಿಗೆ ಮರೆತಿರಲಿಲ್ಲ. ಇದು ಕುಟ್ಟುವುದಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಗಂಟಲಿನ ಚೀಲಕ್ಕೆ ಹಣ್ಣು ತುಂಬಿಸಿ ಯಂತ್ರವನ್ನು ಎಬ್ಬಿಸಿದಳು.

ರೆಕ್ಕೆಯ ಸದ್ದು ಮರದ ಹತ್ತಿರ ಬರುತ್ತಲೇ ಹೊನ್ನವ್ವ ಬಡಿದುಕೊಳ್ಳುವುದನ್ನು ನಿಲ್ಲಿಸಿದಳು. ಕೊಕ್ಕು ಸೀಳಿನಿಂದ ಹೊರಗೆ ಬಂತು. ಮಹಾನಂದಾ ಚೀಲ ಬರಿದಾಗುವವರೆಗೆ ಕೊಟ್ಟಳು, ಹಿಂದಿರುಗಿ ತುಂಬಿಸಿಕೊಂಡು ಬಂದು ಮತ್ತೆ ಕೊಟ್ಟಳು. ಅವಳ ಕಣ್ಣಿನಲ್ಲಿ ನೀರು ಧಾರಾಕಾರ. ಹುಬ್ಬಳ್ಳಿಯಲ್ಲಿ ಪಟಾಕಿ ಹೊಡೆದರಂತೆ, ಧಾರವಾಡದಲ್ಲಿ ಪೇಡೆ ಹಂಚಿದರಂತೆ. ಸಂಜೆ ಮನೆಗೆ ಹೋದಾಗ ಸುಮಂಗಲಾ ತಾಟಿನ ಮುಂದೆ ಕೂತು ಗಬಗಬ ಉಣ್ಣುತ್ತಿದ್ದಳು. ಹಾಲೂ ಇಳಿಯಿತು. ಕೂಸು ಹೊಟ್ಟೆ ತುಂಬಿ ಮಲಗಿತು. ಮಹಾನಂದಾ ಎಷ್ಟೋ ದಿನಗಳ ಮೇಲೆ ನಿಶ್ಚಿಂತೆಯಿಂದ ಕಣ್ಣು ಮುಚ್ಚಿದಳು.

ಬೆಳಿಗ್ಗೆ ಪರದೆಯ ಮುಂದೆ ಕೂತಾಗ ಹೊನ್ನವ್ವ ಕೆಲಸದಲ್ಲಿದ್ದಳು. ಹಿಂದಿನ ದಿನ ಬಡಿದ ಜಾಗದಲ್ಲಿ ಗೋಡೆ ಸೀಳುಸೀಳಾಗಿ, ಒಂದು ದೊಡ್ಡ ಚಕ್ಕೆ ಎದ್ದು ನಿಂತಿತ್ತು. ಇನ್ನೊಂದು ಹೊತ್ತು ಬಡಿದಿದ್ದರೆ ಬೀಳುತ್ತಿತ್ತು. ಹಕ್ಕಿ ಕೊಕ್ಕಿನ ಮಗ್ಗುಲಿನಿಂದ ಹಿಕ್ಕೆ, ಹಣ್ಣಿನ ತಿರುಳನ್ನು ತಟ್ಟಿ ತಟ್ಟಿ, ಹಬ್ಬಕ್ಕೆ ಮನೆ ಸಾರಿಸುವ ಹೆಂಗಸಿನಂತೆ ಮೆಲ್ಲಗೆ, ಒಪ್ಪವಾಗಿ ಆ ಬಿರುಕನ್ನು ಮುಚ್ಚುತ್ತಿತ್ತು.

ಮಹಾನಂದಾ ಹಿಡಿಕೆಗಳಿಂದ ಕೈ ತೆಗೆದಳು.

ಕಡಕೋಳರು ಮೂರನೆಯ ದಿನ ಬಂದರು. ಚಿತ್ರವನ್ನು ಹಿಂದಕ್ಕೆ ತಿರುಗಿಸಿ ಎಲ್ಲವನ್ನೂ ನೋಡಿದರು. ಅವರು ಕೂಗಾಡಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ. ಕಿರೀಟದಿಂದ ಬಡಿಯುತ್ತದೆಂದು ನನಗೂ ಗೊತ್ತಿರಲಿಲ್ಲ, ಯಾರೂ ಒಳಗಿನಿಂದ ನೋಡಿದ್ದಿಲ್ಲ, ಎಂದಷ್ಟೇ ಅಂದರು. ಅವರ ಕೈಯಲ್ಲಿ ಸಮಿತಿಯ ಆದೇಶವಿತ್ತು. ಹೊನ್ನವ್ವನನ್ನು ಇನ್ನು ಮುಂದೆ ಉಪವಾಸ ಕೆಡವಕೂಡದು. ಜನರ ಭಾವನೆಗೆ ಧಕ್ಕೆ ತರಕೂಡದು. ಇದನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿಯನ್ನೂ ಕಳಿಸಿದ್ದರು. ಅವನು ದಿನವಿಡೀ ಕಂಟ್ರೋಲ್ ರೂಮಿನಲ್ಲಿ ಕೂತು ಬುತ್ತಿಯ ಕರಜಿಕಾಯಿ ತಿನ್ನುತ್ತ ಪರದೆ ನೋಡುತ್ತಿದ್ದ.

ಆದರೂ ಕಡಕೋಳರು ಒಮ್ಮೆ ಯಂತ್ರ ಕೆಟ್ಟಿದೆಯೆಂದು ಸುಳ್ಳು ಹೇಳಿ ಎರಡು ದಿನ ಹಾರಿಸಲಿಲ್ಲ. ಈ ಸಲ ಮಹಾನಂದಾ ಹಲ್ಲುಕಚ್ಚಿ ಕೂತಳು. ತಂಗಿ ಕೇಳಿದರೆ ತಪ್ಪನ್ನು ಯಂತ್ರದ ಮೇಲೆ ಹಾಕಿದಳು. ಹೊನ್ನವ್ವ ಕೂಗಿದಳು, ಆದರೆ ಗೋಡೆಯನ್ನು ಮುಟ್ಟಲಿಲ್ಲ. ಕೊಕ್ಕನ್ನು ಹೊರಗಿಟ್ಟು, ಕಣ್ಣು ಪಿಳುಕಿಸುತ್ತ, ರೆಕ್ಕೆಯ ಸದ್ದಿಗಾಗಿ ಕಾದಳು. ಕೂಗಿದರೆ, ಕಾದರೆ ಬರುತ್ತಾನೆ ಎಂದು ಅವಳಿಗೆ ಗೊತ್ತಾಗಿಹೋಗಿತ್ತು. ಅಧಿಕಾರಿಗೆ ಅನುಮಾನ ಬಂದು ಮೇಲಕ್ಕೆ ಬರೆಯುತ್ತೇನೆ ಎಂದ. ಯಂತ್ರ ಮತ್ತೆ ಹಾರಿತು. ಅಲ್ಲಿಂದ ಮುಂದೆ ತಾಯಿ ಮರಿ ಎರಡೂ ಉಂಡು ಉಂಡು ಮೈತುಂಬಿಕೊಂಡವು. ಗೋಡೆ ದಿನದಿನಕ್ಕೆ ದಪ್ಪವಾಯಿತು. ಜನ ಹೊಗಳಿ ಬರೆದರು.

ಆ ವರ್ಷ ಮಿರಗ ಒಂದು ವಾರ ಮೊದಲೇ ಹಿಡಿದುಕೊಂಡಿತು. ಮಳೆಗಿಂತ ಮುಂದೆ ಗಾಳಿ ಬಂತು. ಕ್ಯಾಮೆರಾದ ಕಂಬ ಉರುಳಿ ಪರದೆಗಳು ಕಪ್ಪಾದವು. ಮಹಾನಂದಾ ಆ ಗಾಳಿಯಲ್ಲೇ ಯಂತ್ರವನ್ನು ಎಬ್ಬಿಸಿದಳು. ಅದು ದಿಣ್ಣೆ ದಾಟುವ ಮೊದಲೇ ಬಂಡೆಗೆ ಅಪ್ಪಳಿಸಿ ಚೂರಾಯಿತು. ಇನ್ನೊಂದಿತ್ತು, ಅದನ್ನೂ ಕಳಿಸಿದಳು. ಅದು ಎಲ್ಲಿ ಬಿತ್ತೆಂದು ಇಂದಿಗೂ ಗೊತ್ತಿಲ್ಲ. ಗುಡ್ಡ ಕುಸಿದು ಮರದ ದಾರಿ ಮುಚ್ಚಿತು. ಕಡಕೋಳರು ಹಗ್ಗ ಹಿಡಿದು ಎರಡು ಸಲ ಹೊರಟು ಎರಡು ಸಲವೂ ಮೈಯೆಲ್ಲ ಕೆಸರಾಗಿ ಹಿಂದಿರುಗಿದರು. ಮಳೆ ಬಿಡುವು ಕೊಟ್ಟಾಗ ವಾರದ ಮೇಲಾಗಿತ್ತು.

ಕಡಕೋಳರು ಮರ ಹತ್ತಿದರು, ಮಹಾನಂದಾ ಬುಡದಲ್ಲಿ ನಿಂತಳು. ಗೋಡೆ ಅರ್ಧ ಒಡೆದಿತ್ತು. ಕೊನೆಗೂ, ಯಾರೂ ನೋಡದ ಹೊತ್ತಿನಲ್ಲಿ, ಹೊನ್ನವ್ವ ಬಡಿದಿದ್ದಳು. ಆದರೆ ಸಾರಿಸಿ ಸಾರಿಸಿ ಅವಳೇ ದಪ್ಪ ಮಾಡಿದ ಗೋಡೆ ಅವಳಿಗಿಂತ ಗಟ್ಟಿಯಾಗಿತ್ತು. ತಲೆ ಹೊರಗೆ, ಮೈ ಒಳಗೆ, ಹಾಗೇ ಸಿಕ್ಕಿಕೊಂಡು ಸತ್ತಿದ್ದಳು. ಅವಳ ಮೈಯ ಅಡಿಯಲ್ಲಿ ಮರಿ ಜೀವಂತವಿತ್ತು. ಕಡಕೋಳರು ಅದನ್ನು ಚೀಲದಲ್ಲಿ ಇಳಿಸಿದರು. ಮಹಾನಂದಾ ಚೀಲದ ಬಾಯಿ ಬಿಚ್ಚುತ್ತಲೇ ಅದು ಅವಳ ಕಡೆ ಕೊಕ್ಕು ತೆರೆಯಿತು. ಅವಳು ಕೆಸರಿನಲ್ಲಿ ಕುಸಿದು ಕೂತು ಅತ್ತಳು. ನಾನೇ ಕೊಂದೆ, ಎಂದಳು. ಮೇಲಿದ್ದ ಕಡಕೋಳರಿಗೆ ಅದು ಕೇಳಿಸಿತೋ ಇಲ್ಲವೋ.

ಮರಿಯನ್ನು ಕೇಂದ್ರದಲ್ಲಿ ಬೆಳೆಸಿದರು. ಅದು ಮನುಷ್ಯರಿಗೆ ಹೊಂದಿಕೊಳ್ಳಬಾರದೆಂದು ಗೂಡಿನಂಥ ಪೆಟ್ಟಿಗೆಯೊಳಗಿಟ್ಟು, ಪೆಟ್ಟಿಗೆಯ ಸೀಳಿನಿಂದ ಶಿವನೆ ಮರದ ಕೊಕ್ಕು ತೂರಿಸಿ ತಿನ್ನಿಸಿದರು. ಬೇರೆ ದಾರಿ ಇರಲಿಲ್ಲ. ಜನ ಅದಕ್ಕೆ ‘ಹೊನ್ನಪ್ಪ’ ಎಂದು ಹೆಸರಿಟ್ಟರು, ಹೊನ್ನವ್ವನಿಗೆ ಒಂದು ದಿನ ಅತ್ತರು, ಆಮೇಲೆ ಹೊನ್ನಪ್ಪನ ತೊಟ್ಟಿಲು ಹಾಡಿದರು. ಅವನು ದೊಡ್ಡವನಾಗಿ ಬಲೆಪಂಜರಕ್ಕೆ ಬಂದ. ಕೊಕ್ಕಿಗೆ ಹಳದಿ ಬಂತು, ಕಿರೀಟ ಬೆಳೆಯಿತು, ರೆಕ್ಕೆ ಬಿಚ್ಚಿದರೆ ಉಗಿಬಂಡಿಯ ಸದ್ದು. ಅವನಷ್ಟು ಚೆಲುವಾದ ಮಂಗಟ್ಟೆಯನ್ನು ಹಳಬರೂ ನೋಡಿರಲಿಲ್ಲವಂತೆ.

ಸುಮಂಗಲಾಳ ಮಗಳು ಶಾಲೆಗೆ ಹೋಗತೊಡಗಿದ ವರ್ಷ, ಪಂಜರದ ಹೆಣ್ಣುಗಳಲ್ಲಿ ಒಂದು ಹೊನ್ನಪ್ಪನಿಗೆ ಒಲಿಯಿತು. ಮರದ ಕಾಂಡದಂತೆ ಮಾಡಿಟ್ಟ ಗೂಡನ್ನು ಹೊಕ್ಕು ಗೋಡೆ ಕಟ್ಟಿಕೊಂಡಿತು. ಸೀಳೊಂದನ್ನು ಬಿಟ್ಟು ಬಾಗಿಲು ಮುಚ್ಚಿತು. ಮೊದಲ ದಿನ ಗರಿ ಉದುರಿದ್ದು ಕ್ಯಾಮೆರಾದಲ್ಲಿ ಕಂಡಾಗ ಕಡಕೋಳರು ಮಹಾನಂದಾಳ ಹೆಗಲು ಮುಟ್ಟಿದರು. ಅವರ ಕೂದಲು ಆ ವೇಳೆಗೆ ಪೂರ್ತಿ ಬೆಳ್ಳಗಾಗಿತ್ತು. ಪಂಜರದ ನೆಲದ ಮೇಲೆ ಅತ್ತಿಹಣ್ಣಿನ ಬುಟ್ಟಿ ಇಟ್ಟು ಎಲ್ಲರೂ ಹೊರಗೆ ಬಂದರು. ಇನ್ನು ಗಂಡಿನ ಕೆಲಸ.

ಹೊನ್ನಪ್ಪ ಬುಟ್ಟಿಯ ಹತ್ತಿರ ಇಳಿದು ಹೊಟ್ಟೆ ತುಂಬ ತಿಂದ. ಆಮೇಲೆ ಹಾರಿ ಗೂಡಿನ ಮುಂದಿನ ಕೊಂಬೆಗೆ ಕೂತ. ಒಳಗಿನ ಹೆಣ್ಣು ಸೀಳಿನಿಂದ ಕೊಕ್ಕು ಚಾಚಿತು. ಹೊನ್ನಪ್ಪನಿ‌ಗೆ ಅದು ಗೊತ್ತಿದ್ದ ನೋಟವೇ. ಸೀಳು ಎಂದರೆ, ಸೀಳಿನಲ್ಲಿ ಕೊಕ್ಕು ಎಂದರೆ, ಊಟ ಬರುವ ಜಾಗ. ಅವನು ರೆಕ್ಕೆ ಅದುರಿಸುತ್ತ, ಮರಿಯ ದನಿಯಲ್ಲಿ ಕೂಗುತ್ತ, ಅದರ ಮುಂದೆ ಬಾಯಿ ತೆರೆದ.

ಹೊತ್ತು ಇಳಿಯುವತನಕ ಕಾದು ನೋಡಿದರು. ಮರುದಿನವೂ ನೋಡಿದರು. ಒಳಗಿನ ಕೊಕ್ಕು ತೆರೆದಿತ್ತು, ಹೊರಗಿನ ಕೊಕ್ಕು ತೆರೆದಿತ್ತು, ಎರಡೂ ಒಂದರ ಮುಂದೊಂದು ಕೂಗುತ್ತಿದ್ದವು. ಹೆಣ್ಣಿನ ಗರಿಗಳೆಲ್ಲ ಅಷ್ಟರಲ್ಲಿ ಉದುರಿಹೋಗಿದ್ದವು. ಹೊನ್ನಪ್ಪನನ್ನು ಹಸಿಯಲು ಬಿಟ್ಟರೆ ಕಲಿಯಬಹುದೇ ಎಂದು ಮಹಾನಂದಾ ಕೇಳಿದಳು.

“ಅಂವಗ ಕಲಿಸಾವ್ರು ಯಾರು?” ಅಂದರು ಕಡಕೋಳ. ಆಮೇಲೆ ಕಂಟ್ರೋಲ್ ರೂಮಿನ ಕಡೆ ಕೈ ತೋರಿಸಿ, “ಹಾರಸು,” ಅಂದರು.

ಮಹಾನಂದಾ ಕುರ್ಚಿಗೆ ಹೋಗಿ ಕೂತು ಹಿಡಿಕೆಗಳನ್ನು ಹಿಡಿದಳು. ಹೊಸ ಯಂತ್ರ ಸದ್ದು ಮಾಡುತ್ತ ಪಂಜರದೊಳಗೆ ಎದ್ದು, ಗೂಡಿನ ಮುಂದಿನ ಕೊಂಬೆಗೆ ಹೋಗಿ ಹೊನ್ನಪ್ಪನ ಪಕ್ಕ ಕೂತಿತು. ಅವಳು ಹಣ್ಣನ್ನು ಕೊಕ್ಕಿನ ತುದಿಗೆ ತಂದು ಸೀಳಿನ ಕಡೆ ತಿರುಗಿಸಿದಳು. ಹೆಣ್ಣು ಮುಂದೆ ಬರುವುದಕ್ಕೂ ಮೊದಲೇ ಹೊನ್ನಪ್ಪ ಅಡ್ಡ ಬಂದು ಅದನ್ನು ಕಸಿದು ನುಂಗಿದ, ಮತ್ತೆ ಬಾಯಿ ತೆರೆದ.